ಆಡಲಾಗದ ಚೆಂಡು

ಆಟದಲ್ಲಿ ಜಗಳವಾಡದೆ ಬೆಳೆದ ಮಕ್ಕಳು ಯಾರಿದ್ದಾರೆ? ನಮ್ಮ ಬೆಳಗಾವಿ ಸೀಮೆಯ ಚಿಣಿಫಣಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಅರ್ಧ ಹೊತ್ತು ಆಟ, ಉಳಿದರ್ಧ ಹೊತ್ತು ವಾದ. ಚಿಣಿ ಗೆರೆ ದಾಟಿತೆಂದು ಒಬ್ಬ, ದಾಟಲಿಲ್ಲವೆಂದು ಮತ್ತೊಬ್ಬ. ಯಾರ ದನಿ ಜೋರೋ ಅವರದೇ ನ್ಯಾಯ. ದೊಡ್ಡವರು ಇಂಥ ವಾದಗಳಿಗೆ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಕ್ರಿಕೆಟ್ಟಿನಲ್ಲಿ ಅಂಪೈರನು ಬೆರಳೆತ್ತುತ್ತಾನೆ. ಕಬಡ್ಡಿಯಲ್ಲಿಯೂ ಹಾಕಿಯಲ್ಲಿಯೂ ತೀರ್ಪುಗಾರನು ಸೀಟಿ ಊದುತ್ತಾನೆ. ಆಡುವುದು ಆಟಗಾರನ ಕೆಲಸ, ತಪ್ಪು ಹುಡುಕುವುದು ತೀರ್ಪುಗಾರನ ಕೆಲಸ ಎಂದು ನಾವು ಭಾರವನ್ನು ಹಂಚಿಕೊಂಡುಬಿಟ್ಟಿದ್ದೇವೆ.

ಆದರೆ ಈ ಎರಡು ಕೆಲಸಗಳನ್ನೂ ಆಟಗಾರನ ಹೆಗಲಿಗೇ ಹೊರಿಸುವ ಆಟವೊಂದಿದೆ. ಅದೇ ಗಾಲ್ಫ್. ಅದರಲ್ಲಿ ಬಹುಮಟ್ಟಿಗೆ ಆಟಗಾರನೇ ತನ್ನ ತೀರ್ಪುಗಾರ. ತನ್ನ ತಪ್ಪನ್ನು ತಾನೇ ಕಂಡು, ತನ್ನ ದಂಡವನ್ನು ತಾನೇ ಹೇಳಿಕೊಳ್ಳಬೇಕು. ಕೇಳುವುದಕ್ಕೆ ಇದು ವಿಚಿತ್ರವಾಗಿ ತೋರಬಹುದು. ಕಳ್ಳನ ಕೈಯಲ್ಲಿಯೇ ಬೀಗದ ಕೈ ಕೊಟ್ಟಂತಲ್ಲವೇ ಎಂದು ನೀವು ನಗಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಹಾಗಲ್ಲವೆಂಬುದನ್ನು ನಾನು ತಿಳಿದುಕೊಂಡದ್ದು ದೊಡ್ಡ ನಗರದ ಹಸಿರು ಮೈದಾನದಲ್ಲಲ್ಲ. ಲೋಂಡಾದ ಗಾಯರಾಣದಲ್ಲಿ, ಒಂದು ಕವಳಿ ಕಂಟಿಯ ಬುಡದಲ್ಲಿ.

ಆ ಕಂಟಿಯ ಕಥೆಗೆ ಮೊದಲು ಆಟದ ಪರಿಚಯವಾಗಬೇಕು. ಗಾಲ್ಫ್ ಆಟದ ಗುರಿ ಬಹು ಸರಳವಾದುದು. ಒಂದು ಸಣ್ಣ ಗಟ್ಟಿ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹೋಗಿ ದೂರದಲ್ಲಿರುವ ಕುಳಿಯೊಳಗೆ ಬೀಳಿಸಬೇಕು. ಕುಳಿಯ ಬಾಯಿ ನಾಲ್ಕೂಕಾಲು ಅಂಗುಲ ಅಗಲ. ಚೆಂಡಿನ ತೂಕ 46 ಗ್ರಾಮಿಗಿಂತ ಸ್ವಲ್ಪ ಕಡಿಮೆ. ಪೂರ್ಣ ಪ್ರಮಾಣದ ಮೈದಾನದಲ್ಲಿ ಇಂಥ 18 ಕುಳಿಗಳಿರುತ್ತವೆ. ಅತಿ ಕಡಿಮೆ ಹೊಡೆತಗಳಲ್ಲಿ ಎಲ್ಲ ಕುಳಿಗಳನ್ನೂ ಮುಗಿಸಿದವನೇ ಗೆದ್ದವನು. ಎದುರಾಳಿಯು ಚೆಂಡನ್ನು ಮುಟ್ಟುವುದಿಲ್ಲ, ತಡೆಯುವುದಿಲ್ಲ. ತಡೆಯುವುದೆಲ್ಲ ನೆಲವೇ: ಹುಲ್ಲು, ಮರಳಿನ ಗುಂಡಿ, ಕೆರೆ, ಮರ, ಪೊದೆ.

ಸ್ಕಾಟ್‌ಲೆಂಡಿನಲ್ಲಿ ಬೆಳೆದ ಈ ಆಟವು ಆಂಗ್ಲರೊಡನೆ ನಮ್ಮ ದೇಶಕ್ಕೆ ಬಂದಿತು. ಕಲ್ಕತ್ತೆಯ ಗಾಲ್ಫ್ ಸಂಘವು 1829ರಲ್ಲಿ ಹುಟ್ಟಿತು; ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯ ಸಂಘವಿಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ನಮ್ಮ ಬೆಳಗಾವಿ ನಗರದಲ್ಲಿಯೂ ಪೊದೆ ಮರಗಳಿಂದ ಕೂಡಿದ ಗಾಲ್ಫ್ ಮೈದಾನವೊಂದಿದೆ. ಇದು ಸಿರಿವಂತರ ಆಟವೆಂಬ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಪೂರ್ಣ ಸತ್ಯವೂ ಇಲ್ಲ. ಬೆಂಗಳೂರಿನಲ್ಲಿ ಇತರರ ಕೋಲಿನ ಚೀಲವನ್ನು ಹೊತ್ತು ನಡೆಯುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿಯನ್ನೇ ಗೆದ್ದರು. ಚೆಂಡಿಗೆ ಹೊಡೆಯುವವನ ಜೇಬು ಕಾಣುವುದಿಲ್ಲ.

ಈಗ ಲೋಂಡಾಕ್ಕೆ ಬರೋಣ. ಖಾನಾಪುರ ತಾಲ್ಲೂಕಿನ ಈ ಊರನ್ನು ನಿಮ್ಮಲ್ಲಿ ಹಲವರು ರೈಲಿನ ಕಿಟಕಿಯಿಂದ ಕಂಡಿರಬಹುದು. ಬೆಳಗಾವಿಯ ಕಡೆಗೆ ಒಂದು ಹಾದಿ, ಹುಬ್ಬಳ್ಳಿಯ ಕಡೆಗೆ ಒಂದು ಹಾದಿ, ಕ್ಯಾಸಲ್‌ರಾಕ್ ಮಾರ್ಗವಾಗಿ ಘಟ್ಟವಿಳಿದು ಗೋವಾಕ್ಕೆ ಒಂದು ಹಾದಿ: ಹೀಗೆ ಮೂರು ದಿಕ್ಕಿನ ಹಳಿಗಳು ಇಲ್ಲಿ ಕೂಡುತ್ತವೆ. ಸುತ್ತಲೂ ಸಹ್ಯಾದ್ರಿಯ ಕಾಡು. ಮಳೆಗಾಲದಲ್ಲಿ ಆಕಾಶವೇ ಸೋರುತ್ತಿರುವಂತೆ ಮಳೆ. ಬೀದಿಯಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಚಹದ ಅಂಗಡಿಯಲ್ಲಿ ಕುಳಿತು ಮಾತನಾಡುತ್ತವೆ. ಇಂಥ ಊರಿನಲ್ಲಿ ಗಾಲ್ಫ್ ಎಲ್ಲಿಂದ ಬಂತು ಎಂದು ಕೇಳುವಿರಾ?

ನಮ್ಮ ಗೆಳೆಯರಲ್ಲೊಬ್ಬರು ನಿವೃತ್ತ ಸ್ಟೇಷನ್ ಮಾಸ್ತರರು. ಅವರ ಬಂಧುವೊಬ್ಬರು ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿದಾಗ ಅವರು ಊರು ಬಿಟ್ಟರು. ಅವರ ಬಳಿಯಿದ್ದ ಏಳು ಹಳೆಯ ಗಾಲ್ಫ್ ಕೋಲುಗಳೂ ಒಂದು ಚೀಲ ಚೆಂಡುಗಳೂ ಕೆಲವು ವರ್ಷಗಳ ತರುವಾಯ ಮಾಸ್ತರರ ಮನೆಯ ಅಟ್ಟವನ್ನು ಸೇರಿದವು. ಅಟ್ಟದ ಮೇಲಿನ ಕೋಲುಗಳು ಒಂದು ಚಳಿಗಾಲ ಕೆಳಗಿಳಿದವು. ಮಾಸ್ತರರು, ಊರಿನ ವೈದ್ಯರು, ಕಟ್ಟಿಗೆ ವ್ಯಾಪಾರದ ಸಾಹುಕಾರರು, ನಾನು, ಹೀಗೆ ನಾಲ್ವರು ಸೇರಿ ಊರ ಹೊರಗಿನ ಗಾಯರಾಣದಲ್ಲಿ ಐದು ಕುಳಿಗಳನ್ನು ತೋಡಿ, ಒಳಗೆ ಹಳೆಯ ಡಬ್ಬಿಗಳನ್ನು ಹುಗಿದು, ಪಕ್ಕದಲ್ಲಿ ಬಿದಿರಿನ ಗಳಕ್ಕೆ ಬಟ್ಟೆಯ ಚೂರು ಕಟ್ಟಿ ನಿಲ್ಲಿಸಿದೆವು. ಮಳೆ ನಿಂತ ಮೇಲೆ ದನಗಳು ಮೇಯ್ದು ಹುಲ್ಲನ್ನು ಸಮಮಾಡಿಕೊಡುತ್ತಿದ್ದವು. ಮೈದಾನದ ಒಂದು ಬದಿಗೆ ಬಿದಿರುಮೆಳೆ, ಇನ್ನೊಂದು ಬದಿಗೆ ಕವಳಿ ಕಂಟಿಗಳು, ನಡುವೆ ಅಲ್ಲಲ್ಲಿ ಹುತ್ತಗಳು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನೆರೆಮನೆಯ ಹುಡುಗನೊಬ್ಬ ರವಿವಾರಗಳಲ್ಲಿ ನಮ್ಮೊಡನೆ ಬರುತ್ತಿದ್ದ. ಕಳೆದ ಚೆಂಡನ್ನು ಹುಡುಕುವುದರಲ್ಲಿ ಅವನ ಕಣ್ಣಿಗೆ ಸಮನಾದ ಕಣ್ಣು ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಗಾಲ್ಫಿನ ಮೂಲ ನಿಯಮ ಒಂದೇ: ಚೆಂಡು ಬಿದ್ದಲ್ಲಿಂದಲೇ ಅದನ್ನು ಆಡಬೇಕು. ಒಳ್ಳೆಯ ಹುಲ್ಲಿನ ಮೇಲೆ ಬಿದ್ದರೆ ಅದೃಷ್ಟ. ಗೊರಸಿನ ಗುಂಡಿಯಲ್ಲಿ ಬಿದ್ದರೆ ದುರದೃಷ್ಟ. ಎರಡನ್ನೂ ಸಮಚಿತ್ತದಿಂದ ಸ್ವೀಕರಿಸಬೇಕು. ಕಾಲಿನಿಂದ ಮೆಲ್ಲಗೆ ಸರಿಸುವುದು ಸಲ್ಲದು. ಇನ್ನೊಂದು ನಿಯಮವೂ ಇದೆ: ಚೆಂಡನ್ನು ಹೊಡೆಯಬೇಕೆಂದು ಕೋಲು ಬೀಸಿದರೆ, ಕೋಲು ಚೆಂಡಿಗೆ ತಾಗದಿದ್ದರೂ ಅದು ಒಂದು ಹೊಡೆತವೇ. ಈ ಎರಡು ನಿಯಮಗಳನ್ನು ನಾವೆಲ್ಲರೂ ಕೇಳಿದ್ದೆವು. ಇವೆರಡರ ನಡುವೆ ಸಿಕ್ಕಿಬಿದ್ದವನು ಏನು ಮಾಡಬೇಕೆಂಬುದನ್ನು ಮಾತ್ರ ಕೇಳಿರಲಿಲ್ಲ.

ಒಂದು ರವಿವಾರ ಸಾಹುಕಾರರ ಎರಡನೆಯ ಹೊಡೆತವು ಚೆಂಡನ್ನು ನೇರವಾಗಿ ಒಂದು ಕವಳಿ ಕಂಟಿಯೊಳಗೆ ಕಳುಹಿಸಿತು. ಚೆಂಡು ಕಾಣುತ್ತಿತ್ತು, ಆದರೆ ಅದರ ಸುತ್ತ ಮುಳ್ಳಿನ ಕೋಟೆ. ಸಾಹುಕಾರರು ಹಿಂಜರಿಯುವ ಆಸಾಮಿಯಲ್ಲ. ಕೋಲನ್ನು ಬೀಸಿದರು, ಎಲೆಗಳು ಉದುರಿದವು. ಮತ್ತೆ ಬೀಸಿದರು; ಕೊಂಬೆಯೊಂದು ಮುರಿಯಿತು. ಮೂರು, ನಾಲ್ಕು, ಐದು. ಅಂಗಿಯ ತೋಳು ಹರಿಯಿತು, ಮುಂಗೈಯಲ್ಲಿ ರಕ್ತದ ಗೆರೆಗಳೆದ್ದವು. ಆರನೆಯ ಸಲ ಚೆಂಡು ಹೇಗೋ ಹೊರಕ್ಕುರುಳಿತು. ಆಮೇಲೆ ಮೂರು ಹೊಡೆತಗಳಲ್ಲಿ ಅವರು ಅದನ್ನು ಕುಳಿಗೆ ಸೇರಿಸಿದರು.

"ನಂದು ಆರು" ಎಂದರು ಸಾಹುಕಾರರು.

"ಹನ್ನೊಂದು" ಎಂದರು ವೈದ್ಯರು.

ಕಂಟಿಯಲ್ಲಿ ಬೀಸಿದ್ದೆಲ್ಲ ಲೆಕ್ಕಕ್ಕಿಲ್ಲ, ಚೆಂಡಿಗೆ ತಾಗಿದ್ದು ಒಂದೇ ಸಲ ಎಂಬುದು ಸಾಹುಕಾರರ ವಾದ. ಎರಡು, ಆರು, ಮೂರು ಕೂಡಿದರೆ ಹನ್ನೊಂದೇ ಆಗುತ್ತದೆ ಎಂಬುದು ವೈದ್ಯರ ಲೆಕ್ಕ. ಮಾತಿಗೆ ಮಾತು ಬೆಳೆಯಿತು. ನಾನು ನಡುವೆ ಬಾಯಿ ಹಾಕಿ, ಗೆಳೆಯರ ಆಟ, ಏನಾದರೂ ಬರೆದುಕೊಳ್ಳೋಣ ಎಂದೆ. ಅದು ಇಬ್ಬರಿಗೂ ರುಚಿಸಲಿಲ್ಲ. ವೈದ್ಯರು ಹಾಗಾದರೆ ಲೆಕ್ಕವೇ ಏಕೆ ಎಂದರು. ಸಾಹುಕಾರರು ತನ್ನನ್ನು ಸುಳ್ಳನೆಂದು ಕರೆದಂತಾಯಿತು ಎಂದರು. ಇಪ್ಪತ್ತು ವರ್ಷದ ಸ್ನೇಹವುಳ್ಳ ಇಬ್ಬರು ಹಿರಿಯರು ಒಂದು ಚೆಂಡಿಗಾಗಿ ಬೇರೆ ಬೇರೆ ದಾರಿಯಲ್ಲಿ ಮನೆಗೆ ನಡೆದರು. ಮುಂದಿನ ಎರಡು ರವಿವಾರ ಸಾಹುಕಾರರು ಗಾಯರಾಣದ ಕಡೆಗೆ ಸುಳಿಯಲಿಲ್ಲ.

ಅಂದು ಚೀಲವನ್ನು ಹೊತ್ತು ಹಿಂದಿರುಗುವಾಗ ಹುಡುಗನು ಮಾಸ್ತರರನ್ನು ಕೇಳಿದನು: "ಕಾಕಾ, ಆ ಚೆಂಡು ಹೊಡ್ಯಾಕ ಬರೂದಿಲ್ಲ ಅಂತ ಹೇಳಾವರು ಯಾರು ಇರಲಿಲ್ಲೇನ್ರಿ?"

ಮಾಸ್ತರರು ಕೂಡಲೇ ಉತ್ತರ ಕೊಡಲಿಲ್ಲ. ರೈಲ್ವೆಯಲ್ಲಿ ಮೂವತ್ತು ವರ್ಷ ದುಡಿದವರು. ನಿಯಮವಿಲ್ಲದೆ ಯಾವ ಗಾಡಿಯೂ ನಡೆಯದೆಂದು ನಂಬಿದವರು. ಗಾಲ್ಫ್ ನಿಯಮಗಳ ಪುಸ್ತಕವನ್ನು ತರಿಸಿ ಒಂದು ವಾರ ಓದಿದರು. ಮುಂದಿನ ರವಿವಾರ ಹುಡುಗನ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಚೆಂಡು ಆಡಲಾಗದ ಸ್ಥಿತಿಯಲ್ಲಿದೆ ಎಂದು ಹೇಳುವ ಅಧಿಕಾರವು ಒಬ್ಬನಿಗೆ ಮಾತ್ರ ಇದೆ. ಆ ಒಬ್ಬನು ಆಟಗಾರನೇ. ಎದುರಾಳಿಯು ಹೇಳುವಂತಿಲ್ಲ, ನೋಡುತ್ತ ನಿಂತವರು ಹೇಳುವಂತಿಲ್ಲ, ದೊಡ್ಡ ಪಂದ್ಯದ ಅಧಿಕಾರಿಯೂ ಹೇಳುವಂತಿಲ್ಲ. ಆಟಗಾರನು ಕಾರಣವನ್ನು ಕೊಡಬೇಕಾಗಿಯೂ ಇಲ್ಲ. ನೀರಿನ ತಾಣ ಮೊದಲಾಗಿ ದಂಡದ ಪ್ರದೇಶವೆಂದು ಗುರುತಿಸಿದ ಜಾಗಗಳಿಗೆ ಬೇರೆ ನಿಯಮವಿದೆ. ಅವನ್ನು ಬಿಟ್ಟು ಮೈದಾನದ ಯಾವ ಮೂಲೆಯಲ್ಲಿಯಾದರೂ, "ಈ ಚೆಂಡನ್ನು ನಾನು ಆಡಲಾರೆ" ಎಂದು ಅವನು ನಿರ್ಧರಿಸಬಹುದು. ಆಗ ತನ್ನ ಲೆಕ್ಕಕ್ಕೆ ಒಂದು ದಂಡದ ಹೊಡೆತವನ್ನು ಸೇರಿಸಿಕೊಂಡು, ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಬಹುದು.

ಮೊದಲನೆಯ ದಾರಿ, ಹಿಂದಿನ ಹೊಡೆತವನ್ನು ಎಲ್ಲಿಂದ ಹೊಡೆದಿದ್ದನೋ ಅಲ್ಲಿಗೆ ಮರಳಿ ಹೋಗಿ ಮತ್ತೆ ಆಡುವುದು. ಎರಡನೆಯದು, ಕುಳಿಯಿಂದ ಚೆಂಡಿನ ಮೇಲೆ ಹಾಯ್ದು ಹಿಂದಕ್ಕೆ ಸಾಗುವ ನೇರ ರೇಖೆಯೊಂದನ್ನು ಮನಸ್ಸಿನಲ್ಲಿ ಎಳೆದುಕೊಂಡು, ಆ ರೇಖೆಯಲ್ಲಿ ಎಷ್ಟು ಬೇಕಾದರೂ ಹಿಂದೆ ಸರಿದು ಚೆಂಡನ್ನು ಬೀಳಿಸಿ ಆಡುವುದು. ಮೂರನೆಯದು, ಚೆಂಡು ಬಿದ್ದ ಜಾಗದಿಂದ ಎರಡು ಕೋಲಿನಳತೆಯೊಳಗೆ, ಆದರೆ ಕುಳಿಗೆ ಹತ್ತಿರವಾಗದಂತೆ, ಚೆಂಡನ್ನು ಬೀಳಿಸಿ ಆಡುವುದು. ಬೀಳಿಸುವುದಕ್ಕೂ ಒಂದು ಕ್ರಮವಿದೆ. ಹಿಂದೆ ಭುಜದ ಎತ್ತರದಿಂದ ಬೀಳಿಸುತ್ತಿದ್ದರು. 2019ರ ಪರಿಷ್ಕಾರದ ಅನಂತರ ಮೊಣಕಾಲಿನ ಎತ್ತರದಿಂದ ಬೀಳಿಸಬೇಕು. ಚೆಂಡು ಮರಳುಗುಂಡಿಯಲ್ಲಿದ್ದರೆ ಎರಡನೆಯ, ಮೂರನೆಯ ದಾರಿಗಳನ್ನು ಹಿಡಿದವನು ಗುಂಡಿಯೊಳಗೇ ಬೀಳಿಸಬೇಕು. ಎರಡು ದಂಡದ ಹೊಡೆತಗಳನ್ನು ಒಪ್ಪಿಕೊಂಡರೆ ಆ ನೇರ ರೇಖೆಯಲ್ಲಿಯೇ ಗುಂಡಿಯಿಂದ ಹೊರಗೆ ಹಿಂದಕ್ಕೆ ಹೋಗಿ ಬೀಳಿಸಬಹುದು.

ಈಗ ಸಾಹುಕಾರರ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿ. ಚೆಂಡು ಕಂಟಿಗೆ ಬಿದ್ದಾಗ ಆದ ಹೊಡೆತಗಳು ಎರಡು. ಆಡಲಾರೆನೆಂದು ಹೇಳಿ ದಂಡವನ್ನು ಕೂಡಿಸಿದ್ದರೆ ಮೂರು. ಎರಡು ಕೋಲಿನಳತೆ ಪಕ್ಕಕ್ಕೆ ಚೆಂಡನ್ನು ಬೀಳಿಸಿ, ಕಂಟಿಯಿಂದ ಹೊರಬಂದ ಮೇಲೆ ಆಡಿದ ಆ ಮೂರು ಹೊಡೆತಗಳನ್ನೇ ಆಡಿದ್ದರೆ ಆರು. ಯಾವ ಆರಕ್ಕಾಗಿ ಅವರು ಜಗಳವಾಡಿದರೋ, ಅದೇ ಆರನ್ನು ನಿಯಮವು ಪ್ರಾಮಾಣಿಕವಾಗಿಯೇ ಕೊಡಲು ಸಿದ್ಧವಾಗಿತ್ತು! ಅಂಗಿ ಹರಿಯುತ್ತಿರಲಿಲ್ಲ, ಕೈ ಗೀರುತ್ತಿರಲಿಲ್ಲ, ಸ್ನೇಹವೂ ಕೆಡುತ್ತಿರಲಿಲ್ಲ. ಅವರಿಗೆ ತೊಡಕಾದದ್ದು ನಿಯಮವಲ್ಲ. ನಿಯಮದ ಅರ್ಧಭಾಗ ಮಾತ್ರ ಗೊತ್ತಿದ್ದುದು.

ನಾವು ದಂಡವೆಂಬ ಮಾತನ್ನು ಕೇಳಿದೊಡನೆ ಬೆದರುತ್ತೇವೆ. ದಂಡವೆಂದರೆ ತಪ್ಪಿಗೆ ಶಿಕ್ಷೆ ಎಂದೇ ನಮ್ಮ ಎಣಿಕೆ. ಗಾಲ್ಫಿನಲ್ಲಿಯೂ ಅಂಥ ದಂಡಗಳಿವೆ. ಬೇರೊಬ್ಬರ ಚೆಂಡನ್ನು ಹೊಡೆದರೆ ಎರಡು ಹೊಡೆತಗಳ ದಂಡ; ಲೆಕ್ಕದಲ್ಲಿ ಮೋಸ ಮಾಡಿದವನನ್ನು ಪಂದ್ಯದಿಂದಲೇ ಹೊರಗೆ ಹಾಕಬಹುದು. ಆದರೆ ಆಡಲಾಗದ ಚೆಂಡಿನ ದಂಡವು ಶಿಕ್ಷೆಯಲ್ಲ. ಅದೊಂದು ಸುಂಕ. ಕಟ್ಟಿದರೆ ಗೇಟು ತೆರೆಯುತ್ತದೆ. ಗೇಟಿನವನು ನಿಮ್ಮನ್ನು ಬಯ್ಯುವುದಿಲ್ಲ. ಹಣ ಎಣಿಸಿ, ಮುಂದೆ ಹೋಗಿ ಎನ್ನುತ್ತಾನೆ.

ಈ ಭಾವವು ಆಟದಷ್ಟೇ ಹಳೆಯದು. 1744ರಲ್ಲಿ ಎಡಿನ್‌ಬರೋದ ಆಟಗಾರರು ಲೀತ್ ಎಂಬಲ್ಲಿ ನಡೆಯುವ ಪಂದ್ಯಕ್ಕಾಗಿ ಹದಿಮೂರು ನಿಯಮಗಳನ್ನು ಬರೆದಿಟ್ಟರು. ನಮಗೆ ತಿಳಿದ ಗಾಲ್ಫ್ ನಿಯಮಗಳಲ್ಲಿ ಅವೇ ಅತ್ಯಂತ ಹಳೆಯವು. ಚೆಂಡು ನೀರಿಗೆ ಬಿದ್ದರೆ ಅದನ್ನು ಎತ್ತಿಕೊಂಡು ಹಿಂದಕ್ಕೆ ತಂದು ಆಡಬಹುದು, ಎದುರಾಳಿಗೆ ಒಂದು ಹೊಡೆತವನ್ನು ಬಿಟ್ಟುಕೊಡಬೇಕು ಎಂದು ಅವುಗಳಲ್ಲೊಂದು ಹೇಳುತ್ತದೆ. ಮೊದಲು ಸ್ವಾತಂತ್ರ್ಯ, ಅನಂತರ ಬೆಲೆ. ಈ ಕ್ರಮವನ್ನು ಗಮನಿಸಬೇಕು.

ಚೆಂಡು ಸಿಕ್ಕದೆಯೇ ಹೋದರೆ? ಆಗ ದಾರಿ ಒಂದೇ. ಇದ್ದ ಜಾಗವೇ ತಿಳಿಯದಾಗ ಕೋಲಿನಳತೆಯನ್ನು ಎಲ್ಲಿಂದ ತೆಗೆಯುವುದು? ಹುಡುಕಲು ಮೂರು ನಿಮಿಷಗಳ ಕಾಲವಿದೆ. 2019ಕ್ಕೆ ಮೊದಲು ಐದು ನಿಮಿಷಗಳಿದ್ದವು. ಅಷ್ಟರಲ್ಲಿ ಸಿಕ್ಕದಿದ್ದರೆ ಒಂದು ದಂಡದ ಹೊಡೆತವನ್ನು ಕೂಡಿಸಿಕೊಂಡು ಹಿಂದಿನ ಜಾಗಕ್ಕೇ ಮರಳಬೇಕು. ಚೆಂಡು ಮೈದಾನದ ಗಡಿಯಾಚೆಗೆ ಹೋದರೂ ಇದೇ ನಿಯಮ. ಸ್ಕಾಟ್‌ಲೆಂಡಿನ ಪ್ರೆಸ್ಟ್‌ವಿಕ್ ಎಂಬ ಮೈದಾನದಲ್ಲಿ, 1860ರ ಮೊದಲ ಓಪನ್ ಪಂದ್ಯ ನಡೆದ ಸ್ಥಳವದು, ಮೊದಲ ಕುಳಿಯ ಹೆಸರೇ 'ರೈಲ್ವೆ'. ಅದರ ಬಲಗಡೆಗೆ ಗೋಡೆ, ಗೋಡೆಯಾಚೆ ರೈಲುಹಳಿ. ಗೋಡೆ ದಾಟಿದ ಚೆಂಡು ಹೋದಂತೆಯೇ. ಈ ಸಂಗತಿಯನ್ನು ಓದಿದಂದು ಮಾಸ್ತರರಿಗಾದ ಸಂತೋಷ ಹೇಳತೀರದು. ನಮ್ಮ ಗಾಯರಾಣಕ್ಕೂ ಅಂಥದೊಂದು ಗಡಿ ಬೇಕೆಂದು, ಬಿದಿರುಮೆಳೆಯ ಆಚೆಯ ಕಾಡನ್ನು ಅವರು ಗಡಿಯಾಚೆಯೆಂದು ಸಾರಿದರು.

ಹುಡುಗನಿಗೆ ಇನ್ನೊಂದು ಸಂದೇಹವಿತ್ತು. "ಕಂಟ್ಯಾಗ ಹಾವು ಇದ್ರ?" ಎಂದನು. ಲೋಂಡಾದ ಹುಡುಗನು ಕೇಳಲೇಬೇಕಾದ ಪ್ರಶ್ನೆಯದು. ನಿಯಮ ಬರೆದವರು ಅದನ್ನೂ ಯೋಚಿಸಿದ್ದಾರೆ. ವಿಷದ ಹಾವು, ಕಚ್ಚುವ ಜೇನು ಮೊದಲಾದ ಅಪಾಯದ ಪ್ರಾಣಿಗಳು ಚೆಂಡಿನ ಬಳಿಯಿದ್ದರೆ ಆಟಗಾರನು ಯಾವ ದಂಡವೂ ಇಲ್ಲದೆ ಸುರಕ್ಷಿತವಾದ ಜಾಗಕ್ಕೆ ಸರಿದು ಆಡಬಹುದು. ಪ್ರಾಣವನ್ನು ಪಣಕ್ಕಿಡು ಎಂದು ಯಾವ ಆಟವೂ ಕೇಳಬಾರದಷ್ಟೆ. ಮುಳ್ಳಿಗೆ ಮಾತ್ರ ಈ ರಿಯಾಯಿತಿಯಿಲ್ಲ. ಅಷ್ಟೇ ಅಲ್ಲ, ಹಾವು ಇರಲಿ ಬಿಡಲಿ ಹೇಗೂ ಆಡಲಾಗದಂತೆ ಚೆಂಡು ಕಂಟಿಯಲ್ಲಿ ಸಿಕ್ಕಿಕೊಂಡಿದ್ದರೆ, ಹಾವನ್ನು ನೆಪಮಾಡಿಕೊಂಡು ದಂಡದಿಂದ ತಪ್ಪಿಸಿಕೊಳ್ಳುವಂತಿಲ್ಲ. ಎಷ್ಟು ಸೂಕ್ಷ್ಮವಾದ ನ್ಯಾಯ ನೋಡಿ! ನಿಜವಾದ ಅಪಾಯಕ್ಕೆ ಮರುಕವಿದೆ, ನೆಪಕ್ಕೆ ಮರುಕವಿಲ್ಲ.

ಇಂಥ ನಿಯಮವು ಬರಿಯ ಪುಸ್ತಕದ ಮಾತೆಂದು ಬೆಳಗಾವಿಯ ಜನ ಹೇಳಲಾರರು. 2022ರ ಆಗಸ್ಟ್ ತಿಂಗಳಲ್ಲಿ ನಗರಕ್ಕೆ ನುಗ್ಗಿದ ಚಿರತೆಯೊಂದು ಗಾಲ್ಫ್ ಮೈದಾನದ ಪೊದೆಗಳಲ್ಲಿ ಅಡಗಿಕೊಂಡಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅರಣ್ಯ ಇಲಾಖೆಯವರು ಬೋನುಗಳನ್ನಿಟ್ಟರು, ಕ್ಯಾಮೆರಾಗಳನ್ನು ಕಟ್ಟಿದರು. ಶಿವಮೊಗ್ಗದ ಬಳಿಯ ಸಕ್ರೆಬೈಲು ಬಿಡಾರದಿಂದ ಆನೆಗಳನ್ನು ಕರೆಸಿ ಪೊದೆ ಪೊದೆಯನ್ನೂ ಜಾಲಾಡಿದರು. ಚಿರತೆ ಕೈಗೆ ಸಿಕ್ಕಲಿಲ್ಲ. ಆ ದಿನಗಳಲ್ಲಿ ಅಲ್ಲಿ ಚೆಂಡು ಹುಡುಕಲು ಹೋಗುವವನಿಗೆ ಮೂರು ನಿಮಿಷವಲ್ಲ, ಮೂರು ಕ್ಷಣವೂ ಹೆಚ್ಚೆನಿಸುತ್ತಿತ್ತು.

ಗೆಳೆಯರು ಹೊತ್ತು ಕಳೆಯಲು ಆಡುವ ಆಟದಲ್ಲಿ ಇಷ್ಟೊಂದು ನಿಯಮ ಬೇಕೇ ಎಂದು ಕೇಳುವವರಿದ್ದಾರೆ. ದೊಡ್ಡ ಪಂದ್ಯಗಳಲ್ಲಿ ಆಟಗಾರರು ಒಳಗೊಳಗೇ ಮಾತಾಡಿಕೊಂಡು ಗೊತ್ತಿರುವ ನಿಯಮವೊಂದನ್ನು ಕೈಬಿಟ್ಟರೆ ಅವರನ್ನು ಪಂದ್ಯದಿಂದ ಹೊರಗೆ ಹಾಕುತ್ತಾರೆ. ಗಾಯರಾಣದ ಆಟಕ್ಕೆ ಅಷ್ಟು ಕಟ್ಟುನಿಟ್ಟು ಬೇಕಾಗಿಲ್ಲ. ನಾವೂ ಕೆಲವು ಸಡಿಲಿಕೆಗಳನ್ನು ಮಾಡಿಕೊಂಡೆವು. ಹುತ್ತದ ಬಳಿ ಬಿದ್ದ ಚೆಂಡನ್ನು ದಂಡವಿಲ್ಲದೆ ಸರಿಸಬಹುದು. ಹುತ್ತಕ್ಕೆ ಕೋಲು ಬೀಸುವುದು ಯಾರಿಗೂ ಹಿತವಲ್ಲ. ಗೊರಸಿನ ಗುಂಡಿಯಿಂದ ಒಂದು ಗೇಣು ಸರಿಸಬಹುದು. ಕಳೆದ ಚೆಂಡಿಗಾಗಿ ವಯಸ್ಸಾದವರು ಹಿಂದಕ್ಕೆ ನಡೆಯಬೇಕಾಗಿಲ್ಲ. ಕಳೆದ ಜಾಗದ ಸಮೀಪದಲ್ಲಿಯೇ ಇನ್ನೊಂದು ಚೆಂಡನ್ನು ಬೀಳಿಸಿ ಎರಡು ದಂಡಗಳನ್ನು ಬರೆದುಕೊಂಡರೆ ಸಾಕು. ಈ ಎಲ್ಲವನ್ನೂ ಹುಡುಗನು ತನ್ನ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ದುಂಡಾದ ಅಕ್ಷರಗಳಲ್ಲಿ ಬರೆದನು. ಎಲ್ಲಕ್ಕೂ ಮೇಲೆ ಮಾಸ್ತರರು ಒಂದು ಸಾಲನ್ನು ಬರೆಯಿಸಿದರು: ಯಾವ ಸಡಿಲಿಕೆಯೇ ಆಗಲಿ ಆಟ ತೊಡಗುವ ಮೊದಲು ಒಪ್ಪಿಕೊಳ್ಳಬೇಕು, ಚೆಂಡು ಕಂಟಿಗೆ ಬಿದ್ದ ಮೇಲೆ ಅಲ್ಲ.

ಮೊದಲೇ ಒಪ್ಪಿಕೊಂಡ ಸಡಿಲಿಕೆ ಎಲ್ಲರಿಗೂ ಸಮಾನವಾದುದು. ಯಾರ ಚೆಂಡು ಎಲ್ಲಿಗೆ ಬೀಳುವುದೆಂದು ಆಗ ಯಾರಿಗೂ ತಿಳಿಯದು. ಬಿದ್ದ ಮೇಲೆ ಕೇಳುವ ಸಡಿಲಿಕೆ ಕೇಳುವವನಿಗಾಗಿ ಮಾತ್ರ. ಗೆಳೆಯರ ಆಟದಲ್ಲಿ ತೀರ್ಪುಗಾರನಿಲ್ಲ, ಬಹುಮಾನವಿಲ್ಲ, ನೋಡುವವರೂ ಇಲ್ಲ. ಅಲ್ಲಿ ಇರುವುದು ನಂಬಿಕೆಯೊಂದೇ. ಆದ್ದರಿಂದ ನಿಯಮವು ದೊಡ್ಡ ಪಂದ್ಯಕ್ಕಿಂತ ಅಲ್ಲಿಯೇ ಹೆಚ್ಚು ಬೇಕಾದುದು ಎಂದು ನನಗೆ ತೋರುತ್ತದೆ.

ಆಡಲಾಗದ ಚೆಂಡನ್ನು ಆಡಿಯೇ ತೀರುತ್ತೇನೆಂದು ಹೊರಟವರಲ್ಲಿ ಗೆದ್ದವರಿಲ್ಲವೇ ಎಂದರೆ ಇದ್ದಾರೆ. 1981ರಲ್ಲಿ ಇಂಗ್ಲೆಂಡಿನ ಫುಲ್‌ಫೋರ್ಡ್ ಮೈದಾನದಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಅವರ ಚೆಂಡು ಮರದ ಕವಲಿನಲ್ಲಿ ನಿಂತುಬಿಟ್ಟಿತು. ಅವರು ಮರವನ್ನೇರಿ, ಅಲ್ಲಿಂದಲೇ ಚೆಂಡನ್ನು ಕುಳಿಯ ಸುತ್ತಲಿನ ಹಸಿರು ನೆಲಕ್ಕೆ ಹೊಡೆದರು. ನೋಡಿದವರು ಇಂದಿಗೂ ಅದನ್ನು ಮರೆತಿಲ್ಲ. ಆದರೆ 2011ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಕೆವಿನ್ ನಾ ಎಂಬ ನುರಿತ ಆಟಗಾರರು, ನಾಲ್ಕು ಹೊಡೆತಗಳಲ್ಲಿ ಮುಗಿಯಬೇಕಾದ ಒಂದೇ ಕುಳಿಗೆ, ಗಿಡಗಂಟಿಗಳಲ್ಲಿ ಸಿಲುಕಿ, 16 ಹೊಡೆತಗಳನ್ನು ತೆಗೆದುಕೊಂಡರು. ಮರವೇರುವುದೋ ದಂಡ ತೆರುವುದೋ ಎಂಬುದನ್ನು ನಿಯಮವು ಹೇಳುವುದಿಲ್ಲ. ತನ್ನ ಬಲವೆಷ್ಟು, ಮುಳ್ಳೆಷ್ಟು ಎಂಬುದನ್ನು ಅಳೆದು ನೋಡುವ ಭಾರ ಆಟಗಾರನದೇ.

ಲೆಕ್ಕ ಹೇಳಿಕೊಳ್ಳುವ ಭಾರವೂ ಅವನದೇ. ಅಮೆರಿಕದ ಬಾಬಿ ಜೋನ್ಸ್ ಎಂಬ ಮಹಾನ್ ಆಟಗಾರರ ಹೆಸರನ್ನು ಇಲ್ಲಿ ನೆನೆಯಬೇಕು. 1925ರ ಅಮೆರಿಕನ್ ಓಪನ್ ಪಂದ್ಯದಲ್ಲಿ, ಎತ್ತರದ ಹುಲ್ಲಿನೊಳಗೆ ಅವರು ಹೊಡೆಯಲು ಅಣಿಯಾಗುತ್ತಿದ್ದಾಗ ಚೆಂಡು ಎಳ್ಳಷ್ಟು ಅಲುಗಿತು. ಅದು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಧಿಕಾರಿಗಳು ನಿರ್ಧಾರವನ್ನು ಅವರಿಗೇ ಬಿಟ್ಟರು. ಅವರು ತಮ್ಮ ಮೇಲೆ ಒಂದು ದಂಡದ ಹೊಡೆತವನ್ನು ಹಾಕಿಕೊಂಡರು. ಪಂದ್ಯದ ಕೊನೆಯಲ್ಲಿ ಅವರೂ ವಿಲ್ಲಿ ಮ್ಯಾಕ್‌ಫರ್ಲೇನ್ ಎಂಬುವರೂ ಸಮನಾಗಿ ನಿಂತರು. ಮರುಪಂದ್ಯದಲ್ಲಿ ಜೋನ್ಸ್ ಸೋತರು. ಆ ಒಂದು ಹೊಡೆತವನ್ನು ಹೇಳದಿದ್ದರೆ ಮರುಪಂದ್ಯವೇ ಬೇಕಾಗಿರಲಿಲ್ಲ. ಜನ ಹೊಗಳಿದಾಗ, ಕಳ್ಳತನ ಮಾಡಲಿಲ್ಲವೆಂದು ಯಾರನ್ನಾದರೂ ಹೊಗಳುವುದುಂಟೇ ಎಂಬರ್ಥದ ಮಾತನ್ನಾಡಿ ಅವರು ಸುಮ್ಮನಾದರು.

ಒಂದು ಹೊಡೆತವೆಂದರೆ ಅಲ್ಪವಲ್ಲವೇ ಎಂದು ನಿಮಗೆ ತೋರಬಹುದು. ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ಕೇಳಿ ನೋಡಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರು ನಾಲ್ಕು ದಿನ, 72 ಕುಳಿಗಳನ್ನು 269 ಹೊಡೆತಗಳಲ್ಲಿ ಮುಗಿಸಿದರು. ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಕಂಚಿನ ಪದಕ ಪಡೆದವರು ತೆಗೆದುಕೊಂಡದ್ದು 268 ಹೊಡೆತ. ಒಂದೇ ಒಂದರ ಅಂತರದಲ್ಲಿ ಅವರು ನಾಲ್ಕನೆಯವರಾದರು. ಪ್ರತಿಯೊಂದು ಹೊಡೆತಕ್ಕೂ ಅಷ್ಟು ಬೆಲೆಯಿರುವ ಆಟದಲ್ಲಿ ಅದನ್ನು ತಾನಾಗಿಯೇ ಕೊಟ್ಟುಬಿಡುವುದು ಸಾಮಾನ್ಯ ಕೆಲಸವಲ್ಲ.

ಸಾಹುಕಾರರು ಮೂರನೆಯ ರವಿವಾರ ಬಂದರು. ಮಾಸ್ತರರೇ ಅವರ ಅಂಗಡಿಗೆ ಹೋಗಿ, ಪುಸ್ತಕವನ್ನು ಮುಂದಿಟ್ಟು, ಯಾರ ಪರವನ್ನೂ ವಹಿಸದೆ ನಿಯಮವನ್ನು ಓದಿ ಹೇಳಿದ್ದರು. ಅಂದು ನಾಲ್ಕನೆಯ ಕುಳಿಯ ದಾರಿಯಲ್ಲಿ ಅವರ ಚೆಂಡು ಮತ್ತೆ ಕಂಟಿಗೇ ಹೋಯಿತು. ನಾವೆಲ್ಲ ದೂರದಲ್ಲಿದ್ದೆವು. ಅವರು ಕಂಟಿಯನ್ನು ಒಂದು ಸುತ್ತು ಬಂದರು, ಬಗ್ಗಿ ನೋಡಿದರು. ಅನಂತರ ನಮ್ಮತ್ತ ತಿರುಗಿ, "ಇದು ಆಡಾಕ ಬರೂದಿಲ್ಲ. ನನಗ ಒಂದು ದಂಡ ಬರಕೋಳ್ರಿ" ಎಂದು ಕೂಗಿದರು. ವೈದ್ಯರು ತಾವೇ ನಡೆದು ಹೋಗಿ ಎರಡು ಕೋಲಿನಳತೆಯನ್ನು ಅಳೆದುಕೊಟ್ಟರು. ಇಬ್ಬರೂ ಹಿಂದಿನ ಮಾತನ್ನೆತ್ತಲಿಲ್ಲ. ಎತ್ತಬೇಕಾದ ಅಗತ್ಯವೂ ಉಳಿದಿರಲಿಲ್ಲ.

ಬಾಳಿನಲ್ಲಿಯೂ ನಮ್ಮ ಚೆಂಡು ಕಂಟಿಗೆ ಬೀಳುವುದುಂಟು. ಬಿಡಿಸಲಾಗದ ಲೆಕ್ಕ, ಹೊರಲಾಗದ ಹೊಣೆ, ಸರಿಪಡಿಸಲಾಗದ ಮಾತು. ಆಗ ಕೆಲವರು ಯಾರೂ ನೋಡದಾಗ ಚೆಂಡನ್ನು ಕಾಲಿನಿಂದ ಹೊರಕ್ಕೆ ತಳ್ಳುತ್ತಾರೆ. ಕೆಲವರು ಮುಳ್ಳಿನೊಳಗೆ ನಿಂತು ಕೈ ರಕ್ತವಾಗುವವರೆಗೆ ಬೀಸುತ್ತಲೇ ಇರುತ್ತಾರೆ. ಅದನ್ನೇ ಛಲವೆಂದು ಕರೆಯುತ್ತಾರೆ. ಮೂರನೆಯ ದಾರಿಯೊಂದಿದೆ: ಇದು ನನ್ನಿಂದಾಗದು ಎಂದು ಬಾಯಿಬಿಟ್ಟು ಹೇಳುವುದು, ಅದಕ್ಕೆ ತೆರಬೇಕಾದುದನ್ನು ತೆತ್ತು ಎರಡು ಹೆಜ್ಜೆ ಪಕ್ಕಕ್ಕೆ ಬಂದು ಆಟವನ್ನು ಮುಂದುವರಿಸುವುದು. ಪರೀಕ್ಷೆಯ ಕೋಣೆಯಲ್ಲಿ ಬಾರದ ಪ್ರಶ್ನೆಯ ಮುಂದೆ ಕುಳಿತಾಗ, ಪಕ್ಕದವನ ಉತ್ತರದ ಹಾಳೆಯತ್ತ ಕಣ್ಣು ಹೊರಳುವ ಮೊದಲು, ಈ ದಾರಿಯನ್ನು ನೆನೆದುಕೊಳ್ಳಿ. ಒಂದು ಪ್ರಶ್ನೆಯ ಅಂಕಗಳನ್ನು ಬಿಟ್ಟುಕೊಟ್ಟವನ ಮುಂದೆ ಉಳಿದ ಪ್ರಶ್ನೆಗಳೆಲ್ಲ ಇನ್ನೂ ಇವೆ.